ಸೊಪ್ಪಿನ ಬೆಟ್ಟ: ಸೊಪ್ಪು ರೈತನದು, ನೆಲ ಸರ್ಕಾರದ್ದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟವೊಂದು ಮಾರಾಟಕ್ಕೆ ಬಂದರೆ ಕೊಳ್ಳುವವರ ಮೊದಲ ಪ್ರಶ್ನೆ ಫಸಲಿನದು. ಎರಡನೆಯದು ನೀರಿನದು. ಮೂರನೆಯದು ಬಯಲುಸೀಮೆಯವರಿಗೆ ಥಟ್ಟನೆ ಅರ್ಥವಾಗುವಂಥದ್ದಲ್ಲ: ‘ಬೆಟ್ಟ ಎಷ್ಟಿದೆ?’ ಬೆಟ್ಟ ಚೆನ್ನಾಗಿದ್ದರೆ ತೋಟಕ್ಕೆ ಬೆಲೆ ಏರುತ್ತದೆ, ಬೋಳಾಗಿದ್ದರೆ ಇಳಿಯುತ್ತದೆ. ಇಷ್ಟಾಗಿ, ಮಾರುವವನು ಆ ಬೆಟ್ಟದ ಒಡೆಯನಲ್ಲ. ಕೊಳ್ಳುವವನೂ ಆಗುವುದಿಲ್ಲ. ಆ ನೆಲ ಸರ್ಕಾರದ್ದು. ಸರ್ಕಾರದ ಭೂಮಿಗೆ ಖಾಸಗಿ ವ್ಯವಹಾರದಲ್ಲಿ ಬೆಲೆ ಕಟ್ಟುವ ಈ ವಿಚಿತ್ರ ಪದ್ಧತಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಇಲ್ಲಿ ಬೆಟ್ಟ ಎಂದರೆ ಎತ್ತರದ ಪರ್ವತವಲ್ಲ. ತೋಟದ ಮೇಲ್ಗಡೆಯ ಇಳಿಜಾರಿನಲ್ಲಿರುವ ಮರಗಿಡಗಳ ಜಾಗ ಅಷ್ಟೆ. ಹುಲ್ಲು ಮಾತ್ರ ಬೆಳೆಯುವ ಬಯಲಾದರೆ ಅದು ‘ಬ್ಯಾಣ’. ಕೊಡಲಿ ತಾಗದ, ನೀರಿನ ಒರತೆ ಇರುವ ದಟ್ಟ ಹಸಿರು ಕಾಡು ‘ಕಾನು’. ಸೊಪ್ಪಿಗಾಗಿ ಬಿಟ್ಟದ್ದು ‘ಸೊಪ್ಪಿನ ಬೆಟ್ಟ’. ಒಂದೇ ಕಾಡಿಗೆ ಊರಿನವರು ಹೀಗೆ ಹಲವು ಹೆಸರಿಟ್ಟು, ಹೆಸರಿಗೆ ತಕ್ಕಂತೆ ಬಳಸುತ್ತ ಬಂದಿದ್ದಾರೆ. ಕಂದಾಯ ಮತ್ತು ಅರಣ್ಯ ಇಲಾಖೆಗಳ ಕಡತಗಳು ಈ ಹೆಸರುಗಳನ್ನು ಎರವಲು ಪಡೆದವು. ಅವುಗಳ ಹಿಂದಿದ್ದ ನಡಾವಳಿಯನ್ನು ಪೂರ್ತಿಯಾಗಿ ಪಡೆಯಲಿಲ್ಲ.

ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳ ತೋಟಗಳನ್ನು ನೋಡಿದವರಿಗೆ ಬೆಟ್ಟದ ಅಗತ್ಯ ಬೇಗ ತಿಳಿಯುತ್ತದೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆ. ಅದರ ತಳದಲ್ಲಿ ಅಡಿಕೆ. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು. ನೆರಳಿನಲ್ಲಿ ಏಲಕ್ಕಿ, ಬಾಳೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ಸುರಿಯುವ ಮಳೆ ಮಣ್ಣಿನ ಸಾರವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಹೋದದ್ದನ್ನು ಪ್ರತಿವರ್ಷ ತುಂಬಿಕೊಡದಿದ್ದರೆ ತೋಟ ನಿಲ್ಲುವುದಿಲ್ಲ. ರಾಸಾಯನಿಕ ಗೊಬ್ಬರವಿಲ್ಲದ ಕಾಲದಲ್ಲಿ ಅದನ್ನು ತುಂಬಿಕೊಡುತ್ತಿದ್ದುದು ಮೇಲಿನ ಇಳಿಜಾರಿನ ಮರಗಳು.

ಆ ಕೆಲಸಕ್ಕೆ ಒಂದು ಪಂಚಾಂಗವೇ ಇತ್ತು. ಮಳೆಗಾಲದಲ್ಲಿ ಮತ್ತಿ, ನೇರಳೆ, ಕೌಲು ಮುಂತಾದ ಮರಗಳ ಟೊಂಗೆ ಕಡಿದು ಹಸಿ ಸೊಪ್ಪಿನ ಹೊರೆ ಇಳಿಸುವುದು. ಅದರಲ್ಲಿ ಒಂದು ಪಾಲು ಕೊಟ್ಟಿಗೆಗೆ ಹೋಗಿ ದನದ ಕಾಲಡಿ ಹಾಸಾಗಿ, ಸೆಗಣಿ ಗಂಜಲದೊಡನೆ ಬೆರೆತು ಗೊಬ್ಬರವಾಗುತ್ತಿತ್ತು. ಇನ್ನೊಂದು ಪಾಲು ನೇರವಾಗಿ ಅಡಿಕೆ ಮರದ ಬುಡಕ್ಕೆ. ಬೇಸಿಗೆಯ ಹೊತ್ತಿಗೆ ಉದುರಿದ ಎಲೆ, ಅಂದರೆ ದರಕು, ಗುಡಿಸಿ ತರುವುದು. ಅಡಿಕೆ ಬೇಯಿಸುವ ಒಲೆಗೆ ಕಟ್ಟಿಗೆ, ದನಕ್ಕೆ ಹುಲ್ಲು, ಬೇಲಿಗೆ ಗೂಟ, ಎಲ್ಲವೂ ಅಲ್ಲಿಂದಲೇ. ಮಳೆಗಾಲದ ಕೊಳೆರೋಗಕ್ಕೆ ಮೈಸೂರಿನ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಬೋರ್ಡೋ ದ್ರಾವಣದ ಉಪಾಯ ಹೇಳುವ ಮೊದಲು, ಅಡಿಕೆ ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟುವ ರೂಢಿಯಿತ್ತು. ಆ ಕರಡದ ಹುಲ್ಲು ಕೂಡ ಬೆಟ್ಟ-ಬ್ಯಾಣದ್ದೇ.

ಹೀಗಾಗಿ ತೋಟ ಒಂದು ಎಕರೆಯಾದರೂ ಅದರ ಬೇರು ಹಲವು ಎಕರೆಗೆ ಚಾಚಿಕೊಂಡಿರುತ್ತದೆ. ಒಮ್ಮೆ ಸೊಪ್ಪು ಕಡಿದ ಮರ ಚಿಗುರಿ ತುಂಬಿಕೊಳ್ಳಲು ಎರಡು ಮೂರು ವರ್ಷವಾದರೂ ಬಿಡುವು ಬೇಕು. ಆದ್ದರಿಂದ ಈ ವರ್ಷ ಈ ಮಗ್ಗುಲು, ಮುಂದಿನ ವರ್ಷ ಆ ಮಗ್ಗುಲು ಎಂದು ಸರದಿ ಹಾಕಬೇಕು. ಸರದಿಗೆ ಜಾಗ ಬೇಕು. ಮರವಿರುವ ಇಳಿಜಾರು ಮಳೆನೀರನ್ನು ಹಿಡಿದು ಬೇಸಿಗೆಯಲ್ಲಿ ಕೆಳಗಿನ ಒರತೆಗೆ ಬಿಡುತ್ತಿತ್ತು ಎಂಬುದು ಇನ್ನೊಂದು ಲಾಭ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಹಿಡಿಯುವ ಅಗತ್ಯವೂ ಇರಲಿಲ್ಲ.

ಈ ತೋಟಗಾರಿಕೆ ಬ್ರಿಟಿಷರು ಬರುವುದಕ್ಕೆ ಬಹಳ ಹಿಂದಿನದು. ಶಿರಸಿಗೆ ಸಮೀಪದ ಸೋಂದಾ, ಅಂದರೆ ಸೋದೆಯನ್ನು ಆಳಿದ ಅರಸರ ಸಂಪತ್ತಿಗೆ ಕಾಳುಮೆಣಸೇ ಆಧಾರ. ಘಟ್ಟದ ಕೆಳಗಿನ ಬಂದರುಗಳಿಗೂ ಪೋರ್ಚುಗೀಸರಿಗೂ ಬೇಕಾಗಿದ್ದ ಸರಕು ಅದು. ಹೈದರ್ ಅಲಿಯ ಸೈನ್ಯ 1763-64ರ ಸುಮಾರಿಗೆ ಸೋದೆಯನ್ನು ಹಿಡಿಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಡೀ ಸೀಮೆ ಕಂಪನಿ ಸರ್ಕಾರದ ಪಾಲಾಯಿತು. ಎರಡು ವರ್ಷಗಳ ನಂತರ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಗವರ್ನರ್ ಜನರಲ್‌ ಅವರ ಅಪ್ಪಣೆಯಂತೆ ಇಲ್ಲಿ ಹಾದುಹೋದ. ಹೈಗ ಬ್ರಾಹ್ಮಣರ ಅಡಿಕೆ, ಮೆಣಸು, ಏಲಕ್ಕಿ ತೋಟಗಳನ್ನು ವಿವರವಾಗಿ ಬರೆದಿಟ್ಟ.

ಬುಕಾನನ್ ದಾಖಲಿಸಿದ ಇನ್ನೊಂದು ಸಂಗತಿ ಇಲ್ಲಿ ಹೆಚ್ಚು ಮುಖ್ಯ. ಈ ಜಿಲ್ಲೆಯ ಹಳ್ಳಿಯೊಂದರಲ್ಲಿ ಕಾಡು ಯಾರದ್ದೆಂದು ಕೇಳಿದಾಗ, ಅದು ಊರ ದೇವರದ್ದು ಎಂಬ ಉತ್ತರ ಅವನಿಗೆ ಸಿಕ್ಕಿತು. ಮರ ಕಡಿಯಬೇಕಾದರೆ ಊರ ಗೌಡನ ಅಪ್ಪಣೆ ಬೇಕು. ಆ ಗೌಡನೇ ದೇವರ ಪೂಜಾರಿ ಕೂಡ. ಅಪ್ಪಣೆಗೆ ಹಣವಿಲ್ಲ. ಆದರೆ ಕೇಳದೆ ಕಡಿದರೆ ದೇವರ ಕೋಪ. ಬುಕಾನನ್‌ಗೆ ಇದರಲ್ಲಿ ಭಕ್ತಿಗಿಂತ ಜಾಣತನ ಕಂಡಿತು. ಸರ್ಕಾರ ಕಾಡಿನ ಮೇಲೆ ಹಕ್ಕು ಹೂಡದಂತೆ ತಡೆಯಲು ಹೂಡಿದ ಉಪಾಯವಿದು ಎಂದು ಅವನು ಶಂಕಿಸಿದ. ಶಂಕೆ ನಿಜವೇ ಇದ್ದಿರಬಹುದು. ಮುಂದಿನ ನೂರು ವರ್ಷಗಳಲ್ಲಿ ಸರ್ಕಾರ ಮಾಡಿದ್ದನ್ನು ನೋಡಿದರೆ ಊರಿನವರ ಮುಂದಾಲೋಚನೆಯನ್ನು ಮೆಚ್ಚಬೇಕಾಗುತ್ತದೆ.

ಕಂಪನಿ ಆಳ್ವಿಕೆಯ ಮೊದಲ ಕೆಲವು ದಶಕ ಕಾಡಿನ ಮೇಲೆ ಬಿಗಿ ಹಿಡಿತವೇನೂ ಇರಲಿಲ್ಲ. ಹಡಗಿಗೆ ಸಾಗುವಾನಿ, ಆಮೇಲೆ ರೈಲಿನ ಹಳಿಗೆ ಅಡ್ಡಪಟ್ಟಿ ಬೇಕಾದಾಗ ಕಾಡು ಸರ್ಕಾರದ ಕಣ್ಣಿಗೆ ಬಿತ್ತು. ಆಗ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಅರಣ್ಯ ಇಲಾಖೆಯ ಮುಖ್ಯಸ್ಥ ಹ್ಯೂ ಕ್ಲೆಗ್‌ಹಾರ್ನ್‌ಗೆ ಕುಮರಿ ಬೇಸಾಯವೆಂದರೆ ಆಗದು. ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಒಂದೆರಡು ವರ್ಷ ರಾಗಿ ಬೆಳೆದು, ಮತ್ತೊಂದು ಕಡೆಗೆ ಹೋಗುವ ಬಡವರ ಬೇಸಾಯವದು. ಅದಕ್ಕೆ ನಿರ್ಬಂಧ ಬಿತ್ತು. 1860ರಲ್ಲಿ ಕೆನರಾ ಜಿಲ್ಲೆ ಎರಡಾಯಿತು. 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು. 1865ರಲ್ಲಿ ಮೊದಲ ಅರಣ್ಯ ಕಾನೂನು, 1878ರಲ್ಲಿ ಅದಕ್ಕಿಂತ ಕಠಿಣವಾದ ಎರಡನೆಯದು. ಸರ್ವೆಯಾಗಿ ಗಡಿಕಲ್ಲು ಬಿದ್ದು, ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಜಿಲ್ಲೆಯ ಬಹುಭಾಗ ಕಾಯ್ದಿಟ್ಟ ಅರಣ್ಯವಾಗಿತ್ತು.

ಕಾನೂನಿನ ಭಾಷೆಯಲ್ಲಿ ಇದರ ಅರ್ಥ ಸರಳ. ಯಾರ ಹೆಸರಿಗೂ ಕಂದಾಯ ಕಟ್ಟದ ನೆಲವೆಲ್ಲ ಸರ್ಕಾರದ ಹೆಚ್ಚುವರಿ. ಊರಿನ ಬಳಕೆಯಲ್ಲಿ ಅದು ಹೆಚ್ಚುವರಿಯಾಗಿರಲಿಲ್ಲ ಎಂಬ ಮಾತು ಬೇರೆ.

ಆದರೆ ತೋಟದ ವಿಷಯಕ್ಕೆ ಬಂದಾಗ ಅಧಿಕಾರಿಗಳು ತಡವರಿಸಿದರು. ಅಡಿಕೆ-ಮೆಣಸಿನ ತೋಟದ ಮೇಲಿನ ಕಂದಾಯ ಗದ್ದೆಯದಕ್ಕಿಂತ ಬಹಳ ಹೆಚ್ಚು. ಬೆಟ್ಟವನ್ನು ಮುಚ್ಚಿದರೆ ಸೊಪ್ಪಿಲ್ಲ, ಸೊಪ್ಪಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ಕಂದಾಯವಿಲ್ಲ. ಕಾಡನ್ನು ಉಳಿಸಿಕೊಳ್ಳಬೇಕೆಂಬ ಅರಣ್ಯ ಇಲಾಖೆಗೂ ಆದಾಯ ಉಳಿಸಿಕೊಳ್ಳಬೇಕೆಂಬ ಕಂದಾಯ ಇಲಾಖೆಗೂ ನಡುವೆ ಹುಟ್ಟಿದ ರಾಜಿಯೇ ಇಂದಿನ ಬೆಟ್ಟ ಪದ್ಧತಿ. ನೆಲ ಅರಣ್ಯವಾಗಿಯೇ ಉಳಿಯಿತು. ಅದರ ಒಂದು ತುಂಡನ್ನು ಇಂಥ ತೋಟಕ್ಕೆ ಎಂದು ಗುರುತಿಸಿಕೊಡಲಾಯಿತು. ಘಟ್ಟದ ಮೇಲಿನ ಈ ಸೀಮೆಯಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕ ರೂಢಿಗೆ ಬಂತು. ಕರಾವಳಿ ಕಡೆಗೆ ಆ ಪ್ರಮಾಣ ಕಡಿಮೆ.

ಈ ರಾಜಿಯ ಷರತ್ತುಗಳು ಗಮನಿಸತಕ್ಕವು. ತೋಟದವನು ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ಹುಲ್ಲು ಕೊಯ್ಯಬಹುದು, ಮನೆಬಳಕೆಗೆ ಕಟ್ಟಿಗೆ ತರಬಹುದು. ಸಾಗುವಾನಿ, ಬೀಟೆ, ಗಂಧದಂತಹ ಬೆಲೆಬಾಳುವ ಮರ ಸರ್ಕಾರದ್ದು. ಬೆಟ್ಟವನ್ನು ಉಳುವಂತಿಲ್ಲ, ಮನೆ ಕಟ್ಟುವಂತಿಲ್ಲ, ತೋಟದಿಂದ ಬೇರ್ಪಡಿಸಿ ಮಾರುವಂತಿಲ್ಲ. ತೋಟ ಕೈಬದಲಾದರೆ ಬೆಟ್ಟದ ಸವಲತ್ತೂ ಅದರ ಹಿಂದೆ ಹೋಗುತ್ತದೆ. ಕಾಗದದಲ್ಲಿ ಬಳಸಿದ ಪದ ಹಕ್ಕು ಎಂದಲ್ಲ, ಸವಲತ್ತು ಎಂದು. ಹಕ್ಕನ್ನು ಕಿತ್ತುಕೊಳ್ಳಬೇಕಾದರೆ ಪರಿಹಾರ ಕೊಡಬೇಕು. ಸವಲತ್ತನ್ನು ಹಿಂತೆಗೆದುಕೊಳ್ಳಲು ಒಂದು ಆದೇಶ ಸಾಕು. ಆ ಒಂದು ಪದದ ಆಯ್ಕೆಯಲ್ಲಿ ಬ್ರಿಟಿಷ್ ಆಡಳಿತದ ಜಾಣತನವೆಲ್ಲ ಅಡಗಿದೆ. ಮಾಲೀಕನ ಹೊಣೆ ಹೊರದೆ ಬಳಸುವವನೊಬ್ಬ, ಬಳಸದೆ ಮಾಲೀಕನಾಗಿರುವವನೊಬ್ಬ, ಹೀಗೆ ಇಬ್ಬರ ನಡುವೆ ಬೆಟ್ಟ ನಿಂತಿತು.

ಇಂಥ ಏರ್ಪಾಡು ಉತ್ತರ ಕನ್ನಡದ್ದು ಮಾತ್ರವಲ್ಲ. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ ಸುತ್ತ ನೂರು ಗಜದವರೆಗಿನ ಸರ್ಕಾರಿ ನೆಲವನ್ನು ಬಳಸುವ ಕುಮ್ಕಿ ಇದೆ. ಕೊಡಗಿನಲ್ಲಿ ಬಾಣೆ, ಮೈಸೂರು ಮಲೆನಾಡಿನಲ್ಲಿ ಕಾನು ಮತ್ತು ಸೊಪ್ಪಿನ ಬೆಟ್ಟ. ಸಿದ್ದಾಪುರದ ಗಡಿಗೆ ತಾಗಿದ ಸೊರಬದ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿಯೇ ವರದಿ ಬರೆದಿದ್ದರು. ಒಟ್ಟಿನಲ್ಲಿ ಪಶ್ಚಿಮ ಘಟ್ಟದುದ್ದಕ್ಕೂ ಸಾಗುವಳಿ ನೆಲಕ್ಕೆ ಬೆನ್ನುಗೊಟ್ಟ ಕಾಡೊಂದು ಬೇಕೇಬೇಕು ಎಂಬುದನ್ನು ಸರ್ಕಾರಗಳು ಬೇರೆ ಬೇರೆ ಹೆಸರಿನಲ್ಲಿ ಒಪ್ಪಿಕೊಂಡಿದ್ದವು.

ಈ ರಾಜಿಯಲ್ಲಿ ಕುಳಿತವರು ಇಬ್ಬರೇ: ಸರ್ಕಾರ ಮತ್ತು ತೋಟದ ಒಡೆಯ. ಊರಿನಲ್ಲಿ ಉಳಿದವರೂ ಇದ್ದರು. ಕುಮರಿ ಮಾಡಿಕೊಂಡಿದ್ದ ಕುಣಬಿಗಳು, ಎಮ್ಮೆ ಮೇಯಿಸುವ ಗೌಳಿಗಳು, ಯಲ್ಲಾಪುರದ ಕಾಡಂಚಿನ ಸಿದ್ದಿಗಳು, ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲುಗಳು, ಕೂಲಿಯವರು. ಬೆಟ್ಟದ ಲೆಕ್ಕ ತೋಟದ ಎಕರೆಯ ಮೇಲೆ ನಿಂತಿದ್ದರಿಂದ ತೋಟವಿಲ್ಲದವನಿಗೆ ಬೆಟ್ಟವೂ ಇಲ್ಲ. ತೋಟ ದೊಡ್ಡದಾದಷ್ಟೂ ಬೆಟ್ಟ ದೊಡ್ಡದು. ಸೊಪ್ಪು ಕಡಿದು ತಲೆಯ ಮೇಲೆ ಹೊತ್ತು ತಂದು ಹಾಕುವ ಆಳಿಗೆ ತನ್ನ ಮನೆಯ ಒಲೆಗೆ ಕಟ್ಟಿಗೆ ಬೇಕಾದಾಗ ಒಡೆಯನ ಬೆಟ್ಟವನ್ನೋ ಕಾಯ್ದಿಟ್ಟ ಕಾಡನ್ನೋ ನೋಡಬೇಕು. ಒಂದು ಕಡೆ ಹಂಗು, ಇನ್ನೊಂದು ಕಡೆ ಫಾರೆಸ್ಟ್ ಗಾರ್ಡ್. ಬೆಟ್ಟ ಪದ್ಧತಿಯನ್ನು ಕುರಿತ ಹೊಗಳಿಕೆಗಳಲ್ಲಿ ಈ ಮಾತು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಅಸಮಾಧಾನ ಹೆಚ್ಚಿದಾಗ ಸರ್ಕಾರ ತನಿಖೆಗೆ ಮುಂದಾಯಿತು. ಜಿ.ಎಫ್.ಎಸ್. ಕಾಲಿನ್ಸ್ ಎಂಬ ಐ.ಸಿ.ಎಸ್. ಅಧಿಕಾರಿ ಕರಾವಳಿ ಭಾಗದ ಅರಣ್ಯ ವ್ಯವಸ್ಥೆಯ ಬದಲಾವಣೆಗಳನ್ನು ಕುರಿತು ಬರೆದ ವರದಿ 1921ರಲ್ಲಿ ಕಾರವಾರದಲ್ಲಿ ಅಚ್ಚಾಯಿತು. ಊರಿನ ಬಳಕೆಗೆಂದು ಕೆಲವು ಭಾಗಗಳನ್ನು ಬಿಟ್ಟುಕೊಡುವ ಪ್ರಯತ್ನ ಅದರ ಹಿಂದೆ ನಡೆಯಿತು. ಕುಮಟಾ ಬಳಿಯ ಹಳಕಾರದಲ್ಲಿ, ಸಮುದ್ರದಿಂದ ಹೆಚ್ಚು ದೂರವಿಲ್ಲದ ಆ ಊರಿನಲ್ಲಿ, 1920ರ ದಶಕದಲ್ಲಿ ಗ್ರಾಮ ಅರಣ್ಯ ಪಂಚಾಯತಿ ಹುಟ್ಟಿಕೊಂಡಿತು. ಊರಿನವರೇ ಕಾವಲು ಇಟ್ಟು, ಶುಲ್ಕ ಗೊತ್ತುಮಾಡಿ, ಸರದಿಯಂತೆ ಸೊಪ್ಪು ಸೌದೆ ಹಂಚಿಕೊಳ್ಳುವ ಏರ್ಪಾಡು. ಮುಂದೆ ರಾಜ್ಯ ಸರ್ಕಾರ ಇಂತಹ ಪಂಚಾಯತಿಗಳನ್ನು ರದ್ದುಮಾಡಹೊರಟಾಗ ಹಳಕಾರದವರು ನ್ಯಾಯಾಲಯದ ಮೆಟ್ಟಿಲೇರಿ ತಮ್ಮ ಕಾಡನ್ನು ಉಳಿಸಿಕೊಂಡರು.

ಘಟ್ಟದ ಕೆಳಗೆ ಹೀಗೆ ಊರೊಟ್ಟಿನ ಕಾಡಿನ ಒಂದು ಮಾದರಿ ಇದ್ದಾಗ, ಘಟ್ಟದ ಮೇಲೆ ಮನೆಮನೆಯ ಬೆಟ್ಟದ ಮಾದರಿಯೇ ಗಟ್ಟಿಯಾಯಿತು. ಕಾರಣ ಊಹಿಸುವುದು ಕಷ್ಟವಲ್ಲ. ಇಲ್ಲಿ ಮನೆಗಳು ಒಂದಕ್ಕೊಂದು ದೂರ. ಪ್ರತಿ ಕಣಿವೆಗೂ ತನ್ನದೇ ತೋಟ, ತನ್ನದೇ ಇಳಿಜಾರು. ಬೇಲಿ ಹಾಕಿ, ಅಗಳ ತೋಡಿ ಕಾಯುವುದು ಒಂದು ಕುಟುಂಬಕ್ಕೆ ಸಾಧ್ಯವಾಗುವ ಕೆಲಸ.

1930ರ ಕರನಿರಾಕರಣೆಯ ಹೊತ್ತಿಗೆ ನೆಲದ ಈ ಜಗಳ ಬೇರೊಂದು ರೂಪ ತಾಳಿತು. ಸಿದ್ದಾಪುರ, ಅಂಕೋಲಾ, ಶಿರಸಿ ತಾಲ್ಲೂಕುಗಳ ರೈತರು ಕಂದಾಯ ಕಟ್ಟಲು ನಿರಾಕರಿಸಿದರು. ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜು ಹಾಕಿತು. ಜಪ್ತಿಯಾದ ಭೂಮಿಯನ್ನು ಹರಾಜಿನಲ್ಲಿ ಹಿಡಿದವರ ಮನೆಯ ಮುಂದೆ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ 1932ರಲ್ಲಿ ಹೆಂಗಸರು ಉಪವಾಸ ಕುಳಿತರು. ದೊಡ್ಮನೆಯ ಮಹಾದೇವಿ ತಾಯಿಯವರ ಹೆಸರು ಆ ಹೋರಾಟದೊಡನೆ ಸೇರಿಕೊಂಡಿದೆ. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಕಳೆದುಕೊಂಡ ಭೂಮಿ ರೈತರಿಗೆ ಹಿಂದಕ್ಕೆ ಬರುವ ದಾರಿ ತೆರೆಯಿತು. ಕಾಡಿನ ಕಾನೂನು ಮಾತ್ರ ಹಾಗೆಯೇ ಉಳಿಯಿತು.

ರಾಜ್ಯ ಪುನರ್‌ವಿಂಗಡಣೆಯಲ್ಲಿ, 1956ರ ನವೆಂಬರ್ 1ರಂದು, ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಬಂತು. ಬೇರೆ ಬೇರೆ ಪ್ರಾಂತಗಳಿಂದ ಬಂದ ಸೀಮೆಗಳಿಗೆಲ್ಲ ಒಂದೇ ಭೂಕಂದಾಯ ಕಾನೂನು ಮಾಡುವಾಗ ಈ ಹಳೆಯ ಸವಲತ್ತುಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಎದ್ದಿರಬೇಕು. 1964ರ ಭೂಕಂದಾಯ ಅಧಿನಿಯಮದ 79ನೇ ಕಲಮು ಅದಕ್ಕೆ ಕೊಟ್ಟ ಉತ್ತರ ಚುಟುಕಾದದ್ದು. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ. ಮೈಸೂರು ಭಾಗದ ಕಾನು ಮತ್ತು ಸೊಪ್ಪಿನ ಬೆಟ್ಟ. ಕೊಡಗಿನ ಜಮ್ಮ ಮತ್ತು ಬಾಣೆ ಎಂದು ಹೆಸರು ಹಿಡಿದು, ಈಗ ಅನುಭವಿಸುತ್ತಿರುವ ಸವಲತ್ತುಗಳು ಮುಂದುವರಿಯತಕ್ಕದ್ದು ಎಂದಿತು. ಹೆಚ್ಚಿಸಲೂ ಇಲ್ಲ, ಕಡಿಮೆ ಮಾಡಲೂ ಇಲ್ಲ, ವಿವರಿಸಲೂ ಇಲ್ಲ. ಮುಟ್ಟಿದರೆ ಜೇನುಗೂಡು ಕೆದಕಿದಂತೆ ಎಂದು ಶಾಸನ ಮಾಡಿದವರಿಗೆ ಗೊತ್ತಿತ್ತೆಂದು ತೋರುತ್ತದೆ.

1974ರ ಭೂಸುಧಾರಣೆಯಲ್ಲಿ ಗೇಣಿದಾರರು ಜಮೀನಿನ ಒಡೆಯರಾದರು. ಉತ್ತರ ಕನ್ನಡದಲ್ಲಿ ಅದರ ಪರಿಣಾಮ ದೊಡ್ಡದು. ತೋಟ ಯಾರ ಹೆಸರಿಗೆ ಬಂತೋ ಬೆಟ್ಟದ ಸವಲತ್ತು ಕೂಡ ಅವರತ್ತ ಸರಿಯಬೇಕು ಎಂಬುದು ಪದ್ಧತಿಯ ತರ್ಕ. ಆದರೆ ಗದ್ದೆ ಪಡೆದವನಿಗೆ ಆ ತರ್ಕದಿಂದ ಸಿಕ್ಕಿದ್ದು ಅಷ್ಟಕ್ಕಷ್ಟೆ; ಬೆಟ್ಟ ಗದ್ದೆಗಲ್ಲ, ತೋಟಕ್ಕೆ.

ಅಷ್ಟು ಹೊತ್ತಿಗೆ ಸುತ್ತಲಿನ ಕಾಡಿನ ಸ್ಥಿತಿ ಬದಲಾಗಿತ್ತು. ದಾಂಡೇಲಿಯ ಕಾಗದ ಮತ್ತು ಪ್ಲೈವುಡ್ ಕಾರ್ಖಾನೆಗಳಿಗೆ ಬಿದಿರು, ಮರ ಹೋಗುತ್ತಿತ್ತು. ಸಹಜ ಕಾಡನ್ನು ಬೋಳಿಸಿ ಸಾಗುವಾನಿ ನೆಡುವ ಕೆಲಸ ನಡೆದಿತ್ತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಬಳಿಯ ಕಳಸೆ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಎಂಬ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಅರಣ್ಯ ಇಲಾಖೆಯ ಕಡೆಯಿಂದ ಆಗ ಬಂದ ಮರುಪ್ರಶ್ನೆಯೂ ಸುಳ್ಳಲ್ಲ: ನಮ್ಮ ಕಾಡು ಬೋಳಾಗಿದೆ ಎನ್ನುತ್ತೀರಿ, ನಿಮ್ಮ ಬೆಟ್ಟ ಹೇಗಿದೆ?

ಬೆಟ್ಟದ ಸ್ಥಿತಿ ಊರಿಂದ ಊರಿಗೆ, ಮನೆಯಿಂದ ಮನೆಗೆ ಬೇರೆ. ಕೆಲವು ಕಡೆ ಅಗಳ ತೋಡಿ, ಬೆಂಕಿ ಬೀಳದಂತೆ ಕಾದು, ಸರದಿ ತಪ್ಪದೆ ಸೊಪ್ಪು ತೆಗೆದ ಬೆಟ್ಟಗಳು ಕಾಡನ್ನೇ ಹೋಲುತ್ತವೆ. ಮತ್ತೆ ಕೆಲವು ಕಡೆ ತುದಿಯಲ್ಲಿ ನಾಲ್ಕು ಎಲೆ ಉಳಿಸಿಕೊಂಡ ಕಂಬಗಳಂತೆ ಮರಗಳು ನಿಂತಿವೆ. ಬುಡದಲ್ಲಿ ಮೇವಿನ ದನ ತಿಂದು ಮುಗಿಸಿದ್ದರಿಂದ ಹೊಸ ಸಸಿ ಇಲ್ಲ. ಹಳೆಯ ಮರ ಬಿದ್ದರೆ ಆ ಜಾಗ ಖಾಲಿ. ದೂರದ ಬೆಟ್ಟ ಹೆಚ್ಚು ಹಾಳು, ಮನೆಯ ಮುಂದಿನದು ಕಡಿಮೆ. ಎಲ್ಲ ದೇಶಗಳ ಆಸ್ತಿಗಳಿಗೂ ಅನ್ವಯಿಸುವ ನಿಯಮವೇ ಇದು. ಶರಚ್ಚಂದ್ರ ಲೇಲೆ ಎಂಬ ಸಂಶೋಧಕರು 1993ರಲ್ಲಿ ಮುಗಿಸಿದ ತಮ್ಮ ಡಾಕ್ಟರೇಟ್ ಪ್ರಬಂಧಕ್ಕೆ ಪಶ್ಚಿಮ ಘಟ್ಟದ ಈ ಅರಣ್ಯಭೂಮಿಗಳ ಬಳಕೆಯನ್ನೇ ಆರಿಸಿಕೊಂಡು, ಇದನ್ನು ಅವನತಿ ಎನ್ನಬೇಕೋ, ಬಾಳಿಕೆ ಎನ್ನಬೇಕೋ ಅಥವಾ ರೂಪಾಂತರ ಎನ್ನಬೇಕೋ ಎಂದು ಕೇಳಿದರು. ಆ ಪ್ರಶ್ನೆಯೇ ಒಂದು ತಿಳಿವಳಿಕೆ. ಸೊಪ್ಪು, ಹುಲ್ಲು ಎರಡೂ ಬೇಕಾದ ರೈತನಿಗೆ ದಟ್ಟ ಕಾಡು ಪ್ರಯೋಜನವಿಲ್ಲ. ಟಿಂಬರ್ ಲೆಕ್ಕ ಹಾಕುವ ಅಧಿಕಾರಿಗೆ ಸೊಪ್ಪಿನ ಮರ ಮರವೇ ಅಲ್ಲ.

ಕಾನೂನುಗಳು ಇನ್ನೊಂದು ಕಡೆಯಿಂದ ಬಿಗಿಯಾದವು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶದ ಪ್ರಕಾರ, ಸರ್ಕಾರಿ ದಾಖಲೆಯಲ್ಲಿ ಅರಣ್ಯ ಎಂದು ನಮೂದಾದದ್ದೆಲ್ಲ, ಮಾಲೀಕ ಯಾರೇ ಇರಲಿ, ಅರಣ್ಯವೇ. ಬೆಟ್ಟವನ್ನು ರೈತರಿಗೇ ಬಿಟ್ಟುಕೊಡಿ ಎಂಬ ಬೇಡಿಕೆಗೆ ಅಲ್ಲಿಗೆ ದೊಡ್ಡ ಅಡ್ಡಿ ಬಂತು. ಸರ್ಕಾರವೇ ಮನಸ್ಸು ಮಾಡಿದರೂ ಕೊಡಲಾರದ ಸ್ಥಿತಿ.

ಈ ನಡುವೆ ಬೆಟ್ಟದ ಮೂಲ ಅಗತ್ಯವೇ ಸಡಿಲವಾಗತೊಡಗಿತು. ಗೊಬ್ಬರದ ಚೀಲ ಅಂಗಡಿಯಲ್ಲಿ ಸಿಗುತ್ತದೆ. ಅಡಿಗೆ ಮನೆಗೆ ಗ್ಯಾಸ್ ಬಂದಿದೆ. ಕೊಟ್ಟಿಗೆಯಲ್ಲಿ ಹತ್ತು ದನವಿದ್ದಲ್ಲಿ ಎರಡು. ಸೊಪ್ಪು ಕಡಿಯಲು ಮರ ಹತ್ತುವ ಆಳು ಸಿಗುವುದೇ ದುರ್ಲಭ. ಸಿಕ್ಕರೂ ಅಡಿಕೆ ಕೊನೆ ಇಳಿಸುವ ಕೆಲಸಕ್ಕೇ ಸಾಲದು. ಒಂದು ಎಕರೆಗೆ ಒಂಬತ್ತು ಎಂಬ ಹಳೆಯ ಲೆಕ್ಕ ಹುಟ್ಟಿದ್ದು ಸೊಪ್ಪೊಂದೇ ಗೊಬ್ಬರವಾಗಿದ್ದ ಕಾಲದಲ್ಲಿ. ಹಾಗಾದರೆ ಈಗ ಆ ಒಂಬತ್ತರಲ್ಲಿ ಹೆಚ್ಚುವರಿ ಎಷ್ಟು? ಆ ಹೆಚ್ಚುವರಿ ಯಾರದು?

ಇದು ಬರೀ ತರ್ಕದ ಪ್ರಶ್ನೆಯಲ್ಲ. ಜಿಲ್ಲೆಯ ವಿಸ್ತೀರ್ಣದಲ್ಲಿ ಶೇಕಡಾ 80ರಷ್ಟು ಅರಣ್ಯ. ಗ್ರಾಮ ಪಂಚಾಯತಿಗೆ ಮನೆಯಿಲ್ಲದವರಿಗೆ ನಿವೇಶನ ಕೊಡಬೇಕೆಂದರೆ ಜಾಗವಿಲ್ಲ. ಶಾಲೆಯ ಆಟದ ಬಯಲಿಗೆ, ಸ್ಮಶಾನಕ್ಕೆ, ನೀರಿನ ಟಾಂಕಿಗೆ ಜಾಗವಿಲ್ಲ. ಊರ ತುಂಬ ಸರ್ಕಾರದ ಭೂಮಿಯೇ, ಆದರೆ ಊರಿನ ಸರ್ಕಾರಕ್ಕೆ ಅದರಲ್ಲಿ ಒಂದು ಗುಂಟೆಯ ಮೇಲೂ ಅಧಿಕಾರವಿಲ್ಲ. 1993ರ ಪಂಚಾಯತ್‌ರಾಜ್ ಕಾನೂನು ಗ್ರಾಮ ಪಂಚಾಯತಿಗಳಿಗೆ ಏನೇನೋ ಹೊಣೆ ಕೊಟ್ಟಿತು, ಬೆಟ್ಟವನ್ನು ಕೊಡಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಜಂಟಿ ಅರಣ್ಯ ಯೋಜನೆಯ ಆದೇಶ ಗ್ರಾಮ ಅರಣ್ಯ ಸಮಿತಿಗಳನ್ನು ಹುಟ್ಟುಹಾಕಿತು. ಬ್ರಿಟನ್ನಿನ ನೆರವಿನ ಪಶ್ಚಿಮ ಘಟ್ಟ ಯೋಜನೆ ಅದಕ್ಕೂ ಎರಡು ವರ್ಷ ಮೊದಲೇ ಉತ್ತರ ಕನ್ನಡದಲ್ಲಿ ಆರಂಭವಾಗಿತ್ತು. ಕ್ಷೀಣಿಸಿದ ಕಾಡನ್ನು ಊರಿನವರೆಲ್ಲ ಸೇರಿ ಬೆಳೆಸಿ, ಫಲ ಹಂಚಿಕೊಳ್ಳುವುದು ಉದ್ದೇಶ. ಘಟ್ಟದ ಮೇಲಿನ ಊರುಗಳಲ್ಲಿ ಸಮಿತಿ ಸೇರಿದಾಗ ಎದುರಾದ ತೊಡಕು ಬೆಟ್ಟವೇ. ಹೆಚ್ಚಿನ ನೆಲ ಆಗಲೇ ಒಂದೊಂದು ಮನೆಗೆ ಹಂಚಿಹೋಗಿರುವಾಗ ಎಲ್ಲರೂ ಸೇರಿ ಬೆಳೆಸುವುದಕ್ಕೆ ಉಳಿದಿರುವುದೇನು? ಬೆಟ್ಟವುಳ್ಳವನಿಗೆ ಸಮಿತಿಯ ಅಗತ್ಯವಿಲ್ಲ. ಬೆಟ್ಟವಿಲ್ಲದವನಿಗೆ ಸಮಿತಿಯಲ್ಲಿ ಸಿಗುವುದು ಅಕೇಶಿಯಾ ನೆಡುತೋಪಿನ ಪಾಲು, ಅದೂ ಹಲವು ವರ್ಷದ ಮೇಲೆ.

ಉತ್ತರ ಸಿಗದಿದ್ದಾಗ ಜನ ತಮ್ಮ ಉತ್ತರ ತಾವೇ ಕಂಡುಕೊಂಡರು. ಅಡಿಕೆಗೆ ಬೆಲೆ ಬಂದ ವರ್ಷಗ��ಲ್ಲಿ ಕಣಿವೆಯ ತೋಟ ಇಳಿಜಾರಿಗೆ ಏರಿತು. ಹಿಂದೆ ಗುರುತ್ವದಿಂದ ಹರಿದುಬರುವ ನೀರಿದ್ದಲ್ಲಿ ಮಾತ್ರ ಅಡಿಕೆ. ಪಂಪು, ಪೈಪು, ಕೊಳವೆಬಾವಿ ಬಂದ ಮೇಲೆ ಬೆಟ್ಟದಲ್ಲೂ ಅಡಿಕೆ. ತೋಟವನ್ನು ಸಾಕಲೆಂದು ಕೊಟ್ಟ ನೆಲವನ್ನು ತೋಟವೇ ನುಂಗಿತು. ಇನ್ನೊಂದು ಕಡೆ, ಜಾಗವಿಲ್ಲದವರು ಅರಣ್ಯದಂಚಿನಲ್ಲಿ ಗುಡಿಸಲು ಕಟ್ಟಿದರು, ಗದ್ದೆ ಮಾಡಿದರು. ಇಬ್ಬರದ್ದೂ ಕಾನೂನಿನ ಲೆಕ್ಕದಲ್ಲಿ ಒತ್ತುವರಿಯೇ. 1978ರ ಏಪ್ರಿಲ್ 27ಕ್ಕೆ ಮುಂಚಿನ ಒತ್ತುವರಿಯನ್ನು ಸಕ್ರಮಗೊಳಿಸುವುದೆಂದು ಸರ್ಕಾರ ಗೆರೆ ಎಳೆಯಿತು. ಆ ದಿನಾಂಕ ಈ ಜಿಲ್ಲೆಯಲ್ಲಿ ಹುಟ್ಟುಹಬ್ಬದಷ್ಟು ಪರಿಚಿತ. ಗೆರೆಯ ಆಚೆಗಿನವರು ಅರ್ಜಿ ಹಿಡಿದು ಅಲೆಯುವುದು ನಿಲ್ಲಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಅಂಥವರಲ್ಲಿ ಆಸೆ ಹುಟ್ಟಿಸಿತು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದ ಸಿದ್ದಿಗಳಿಗೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ವಾಸದ ಆಧಾರ ಸಾಕು. ಪಂಗಡಕ್ಕೆ ಸೇರದ ಇತರರು ಮೂರು ತಲೆಮಾರು, ಅಂದರೆ 75 ವರ್ಷದಿಂದ ಅಲ್ಲಿದ್ದೇವೆಂದು ತೋರಿಸಬೇಕು. ಗೌಳಿಯಾಗಲಿ, ಕುಣಬಿಯಾಗಲಿ, ಒಕ್ಕಲಾಗಲಿ ಎಲ್ಲರದ್ದೂ ಇದೇ ಪಾಡು. ಕಾಡಿನಲ್ಲಿ ಬದುಕಿದವರ ಬಳಿ ಕಾಗದ ಎಲ್ಲಿಂದ ಬರಬೇಕು? ಬೆಟ್ಟದ ಒಡೆತನದ ಪ್ರಶ್ನೆಯಲ್ಲಿ ಇಲ್ಲಿಯೂ ಒಂದು ವ್ಯಂಗ್ಯವಿದೆ. ತೋಟದವನ ಬಳಿ ನೂರು ವರ್ಷದ ಕಾಗದವಿದೆ, ಹಕ್ಕಿಲ್ಲ. ಗುಡಿಸಲಿನವನ ಬಳಿ ಹಕ್ಕು ಕೊಡುವ ಕಾಯ್ದೆಯಿದೆ, ಕಾಗದವಿಲ್ಲ. ಅದೇ ಕಾಯ್ದೆಯ ಇನ್ನೊಂದು ಉಪಕಲಮು ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮುಂತಾದ 13 ಸೌಕರ್ಯಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದೊಂದಕ್ಕೆ ಒಂದು ಹೆಕ್ಟೇರಿಗೆ ಮೀರದ ಅರಣ್ಯಭೂಮಿ ಕೊಡಲು ಅವಕಾಶ ಕೊಟ್ಟಿತು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ ಎಂಬ ಷರತ್ತಿನ ಮೇಲೆ. ಊರಿನ ಸಭೆಯ ಮಾತಿಗೆ ಕಾಡಿನ ವಿಷಯದಲ್ಲಿ ಕಾನೂನಿನ ತೂಕ ಬಂದದ್ದು ಬಹುಶಃ ಅಲ್ಲಿಯೇ.

ಈಚಿನ ವರ್ಷಗಳಲ್ಲಿ ಜಗಳ ಪಹಣಿಯ ಒಂದು ಅಕ್ಷರದ ಮೇಲೆ ನಿಂತಿತು. ಬೆಟ್ಟದ ಜಮೀನು ‘ಬ’ ಖರಾಬು ಎಂದು ದಾಖಲೆಗೆ ಬಂದಿರುವುದು ರೈತರ ದೂರು. ಕಂದಾಯ ನಿಯಮಗಳ ಪ್ರಕಾರ ‘ಅ’ ಖರಾಬು ಎಂದರೆ ಜಮೀನಿನೊಳಗೆ ಸಾಗುವಳಿಗೆ ಬಾರದ ಭಾಗ. ‘ಬ’ ಖರಾಬು ಎಂದರೆ ರಸ್ತೆ, ಹಳ್ಳ, ಕೆರೆ, ಸ್ಮಶಾನದಂತೆ ಸಾರ್ವಜನಿಕರ ಉದ್ದೇಶಕ್ಕೆ ಮೀಸಲಾದದ್ದು. ತೋಟದವರಿಗೆ ಇದು ಅಜ್ಜನ ಕಾಲದ ಸವಲತ್ತನ್ನು ಸದ್ದಿಲ್ಲದೆ ಅಳಿಸಿದಂತೆ ಕಂಡಿತು. ತೋಟವಿಲ್ಲದವನು ಅದೇ ಅಕ್ಷರವನ್ನು ಓದಿದರೆ, ಸಾರ್ವಜನಿಕ ಎಂದರೆ ನಾನೂ ಸೇರಿದೆನಲ್ಲ ಎಂದು ಕೇಳಬಹುದು. ಕೇಳಿದವರು ಹೆಚ್ಚಿಲ್ಲ, ಅವನ ದಿನಗೂಲಿ ಇನ್ನೂ ಆ ತೋಟದಲ್ಲೇ ಇದೆ.

ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ತೋಟ, ಗದ್ದೆ, ಮನೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗುತ್ತವೆ. ಸರ್ಕಾರದ ನೆಲವಾದ ಬೆಟ್ಟವನ್ನು ಹಾಗೆ ನೋಂದಾಯಿಸಲು ಬರುವುದಿಲ್ಲ. ಅದಕ್ಕಾಗಿ ಹಿರಿಯರನ್ನು ಕೂರಿಸಿಕೊಂಡು ಬಿಳಿ ಹಾಳೆಯ ಮೇಲೆ ಬರೆದುಕೊಳ್ಳುವುದುಂಟು: ಹಳ್ಳದ ದಂಡೆಯ ದೊಡ್ಡ ಮತ್ತಿ ಮರದಿಂದ ಮೇಲಿನ ನೇರಳೆ ಮರದವರೆಗೆ ಅಣ್ಣನಿಗೆ, ಅಲ್ಲಿಂದ ಅಗಳದವರೆಗೆ ತಮ್ಮನಿಗೆ. ಒಂದು ತಲೆಮಾರು ಕಳೆಯುವಷ್ಟರಲ್ಲಿ ನೇರಳೆ ಮರ ಗಾಳಿಗೆ ಬಿದ್ದಿರುತ್ತದೆ. ಆಮೇಲೆ ಮಕ್ಕಳು ಆ ಹಾಳೆ ಹಿಡಿದು ಬೆಟ್ಟ ಹತ್ತಿ, ಮರವಿದ್ದ ಜಾಗ ಯಾವುದೆಂದು, ಸೊಪ್ಪು ಕಡಿಯಲು ಬರುತ್ತಿದ್ದ ಹಳೆಯ ಆಳನ್ನು ಕೇಳುತ್ತಾರೆ.